ಗ್ರಾಫ್ ಓದುವ ಮುನ್ನ ಅಕ್ಷವನ್ನು ನೋಡಿ



ಕಣ್ಣಿನ ವೈದ್ಯರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿ ನಿಮ್ಮ ದೃಷ್ಟಿಯನ್ನು ಪರೀಕ್ಷಿಸುತ್ತಾರಲ್ಲವೆ? ಸಾಲು ಇಳಿದಂತೆ ಅಕ್ಷರ ಚಿಕ್ಕದಾಗುತ್ತದೆ. ಎಲ್ಲಿಯವರೆಗೆ ಓದಬಲ್ಲಿರಿ ಎಂಬುದೇ ಅಳತೆ. ಕ್ಯಾಮೆರಾಕ್ಕೂ ಇಂಥದೇ ಪರೀಕ್ಷೆ ಉಂಟು. ಇಮಾಟೆಸ್ಟ್, ಎಂ.ಟಿ.ಎಫ್. ಮ್ಯಾಪರ್ ಮುಂತಾದ ಕಂಪ್ಯೂಟರ್ ತಂತ್ರಾಂಶಗಳು ಅದನ್ನು ನಡೆಸುತ್ತವೆ.

ಬಿಳಿ ಹಾಳೆಯ ಮೇಲಿನ ಕಪ್ಪು ಚೌಕವನ್ನು ಸುಮಾರು 5 ಡಿಗ್ರಿ ಓರೆಯಾಗಿಟ್ಟು ಚಿತ್ರ ತೆಗೆಯಲಾಗುತ್ತದೆ. ಚೌಕದ ಅಂಚಿನಲ್ಲಿ ಕಪ್ಪು ಥಟ್ಟನೆ ಬಿಳುಪಾದರೆ ಚಿತ್ರ ಸ್ಪಷ್ಟ. ನಿಧಾನವಾಗಿ ಹರಡಿದರೆ ಮಸುಕು. ಈ ಅಂಚಿನಿಂದಲೇ ತಂತ್ರಾಂಶವು ಎಂ.ಟಿ.ಎಫ್. ಎಂಬ ವಕ್ರರೇಖೆಯನ್ನು ಲೆಕ್ಕಹಾಕುತ್ತದೆ. ವಿವರಗಳು ಸೂಕ್ಷ್ಮವಾಗುತ್ತ ಹೋದಂತೆ ಕಪ್ಪು-ಬಿಳುಪಿನ ವ್ಯತ್ಯಾಸ ಎಷ್ಟು ಉಳಿಯುತ್ತದೆ ಎಂಬುದನ್ನು ಅದು ತೋರಿಸುತ್ತದೆ. ರೇಖೆ 1ರಿಂದ ಆರಂಭವಾಗಿ ಕೆಳಗಿಳಿಯುತ್ತದೆ. ಅರ್ಧಕ್ಕೆ ಇಳಿಯುವ ಬಿಂದುವಿಗೆ ಎಂ.ಟಿ.ಎಫ್. 50 ಎಂದು ಹೆಸರು.

ಅಳತೆ ಮುಗಿಯಿತು, ಗ್ರಾಫ್ ಬಂತು. ಇನ್ನೇನು, ಎರಡು ಕ್ಯಾಮೆರಾಗಳನ್ನು ಹೋಲಿಸಿಬಿಡಬಹುದು ಎಂದುಕೊಂಡಿರಾ? ಸ್ವಲ್ಪ ತಾಳಿ. ಗ್ರಾಫನ್ನು ಹೇಗೆ ತೋರಿಸಬೇಕೆಂದು ನೀವು ಆರಿಸಿದ ಕ್ರಮವೇ ನಿಮ್ಮನ್ನು ದಾರಿ ತಪ್ಪಿಸಬಹುದು.

ಮೊದಲನೆಯದು ಅಡ್ಡ ಅಕ್ಷದ ಮಾನ. ಒಂದು ಕಪ್ಪು ಗೆರೆ, ಒಂದು ಬಿಳಿ ಗೆರೆ ಸೇರಿದರೆ ಒಂದು ಆವರ್ತ. ಅಕ್ಷದಲ್ಲಿ 'ಪಿಕ್ಸೆಲ್‌ಗೆ ಎಷ್ಟು ಆವರ್ತ' ಎಂದು ತೋರಿಸಬಹುದು. 'ಚಿತ್ರದ ಪೂರ್ಣ ಎತ್ತರಕ್ಕೆ ಎಷ್ಟು ಗೆರೆ' ಎಂದೂ ತೋರಿಸಬಹುದು. ಒಂದು ಉದಾಹರಣೆ ನೋಡೋಣ. ಮೊದಲ ಕ್ಯಾಮೆರಾದ ಚಿತ್ರದ ಎತ್ತರ 3000 ಪಿಕ್ಸೆಲ್, ಎಂ.ಟಿ.ಎಫ್. 50 ಪಿಕ್ಸೆಲ್‌ಗೆ 0.30 ಆವರ್ತ. ಎರಡನೆಯದರ ಎತ್ತರ 5000 ಪಿಕ್ಸೆಲ್, ಎಂ.ಟಿ.ಎಫ್. 50 ಕೇವಲ 0.20. ಮೊದಲನೆಯದೇ ಮೇಲೆನಿಸುತ್ತದೆ. ಈಗ ಎರಡನೆಯ ಮಾನಕ್ಕೆ ಬದಲಿಸಿ. 2 × 0.30 × 3000 ಅಂದರೆ 1800 ಗೆರೆಗಳು. 2 × 0.20 × 5000 ಅಂದರೆ 2000 ಗೆರೆಗಳು. ಫಲಿತಾಂಶ ತಲೆಕೆಳಗಾಯಿತು! ಎರಡೂ ಲೆಕ್ಕ ಸರಿಯೇ. ಮೊದಲನೆಯದು ಪ್ರತಿ ಪಿಕ್ಸೆಲ್ ಎಷ್ಟು ಚೆನ್ನಾಗಿ ದುಡಿಯುತ್ತದೆ ಎನ್ನುತ್ತದೆ. ಎರಡನೆಯದು ಇಡೀ ಚಿತ್ರದಲ್ಲಿ ಎಷ್ಟು ವಿವರವಿದೆ ಎನ್ನುತ್ತದೆ. ಒಂದೇ ಅಳತೆಯ ಕಾಗದದ ಮೇಲೆ ಮುದ್ರಿಸಿ ಹೋಲಿಸುವುದಾದರೆ ಎರಡನೆಯದೇ ಬೇಕು.

ಎರಡನೆಯದು ಲಂಬ ಅಕ್ಷದ ಮಿತಿ. ಕೆಲವು ಕ್ಯಾಮೆರಾಗಳು ತಾವಾಗಿಯೇ ಅಂಚುಗಳನ್ನು ಕೃತಕವಾಗಿ ತಿದ್ದುತ್ತವೆ. ಹೀಗೆ ಅತಿಯಾಗಿ ತಿದ್ದಿದಾಗ ರೇಖೆಯು 1ನ್ನು ದಾಟಿ ಉಬ್ಬುತ್ತದೆ. ಚಿತ್ರದಲ್ಲಿ ಅಂಚಿನ ಪಕ್ಕ ಬೆಳ್ಳಗಿನ ಪಟ್ಟಿ ಕಾಣುತ್ತದೆ. ಅಕ್ಷವನ್ನು 1ಕ್ಕೇ ನಿಲ್ಲಿಸಿದರೆ ಈ ಉಬ್ಬು ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಮಿತಿಯನ್ನು 1.4ರಷ್ಟು ಇಡಿ. ಅಕ್ಷದ ಮಿತಿಯನ್ನು ತಂತ್ರಾಂಶವೇ ಆರಿಸಲು ಬಿಟ್ಟರೆ ಎರಡು ಗ್ರಾಫ್‌ಗಳ ಅಳತೆ ಬೇರೆಬೇರೆಯಾಗಬಹುದು. ಹೋಲಿಕೆಯಲ್ಲಿ ಎರಡಕ್ಕೂ ಒಂದೇ ಮಿತಿಯನ್ನು ನೀವೇ ನಿಗದಿಪಡಿಸಿ.

ಮೂರನೆಯದು, ಪಿಕ್ಸೆಲ್‌ಗೆ 0.5 ಆವರ್ತವೆಂಬ ಗಡಿ. ಇದಕ್ಕೆ ನೈಕ್ವಿಸ್ಟ್ ಮಿತಿಯೆಂದು ಹೆಸರು. ಇದಕ್ಕಿಂತ ಸೂಕ್ಷ್ಮವಾದ ಗೆರೆಗಳನ್ನು ಕ್ಯಾಮೆರಾ ಸರಿಯಾಗಿ ದಾಖಲಿಸಲಾರದು. ಇಲ್ಲದ ಗೆರೆಗಳು ಕಾಣಿಸಿಕೊಳ್ಳಬಹುದು. ಗ್ರಾಫ್ ಈ ಗಡಿಯನ್ನು ಗುರುತಿಸುವಂತೆ ನೋಡಿಕೊಳ್ಳಿ.

ಕೊನೆಯದಾಗಿ, ಚಿತ್ರದ ಮಧ್ಯಭಾಗವೊಂದನ್ನೇ ನೋಡಿ ತೀರ್ಪು ಕೊಡಬೇಡಿ. ಮಸೂರದ ದೋಷ ಹೆಚ್ಚಾಗಿ ಕಾಣುವುದು ಮೂಲೆಗಳಲ್ಲಿ.

ಜಾಹೀರಾತಿನಲ್ಲಾಗಲಿ ನಿಮ್ಮ ಪ್ರಯೋಗ ವರದಿಯಲ್ಲಾಗಲಿ ಗ್ರಾಫ್ ಕಂಡರೆ ರೇಖೆಗಿಂತ ಮೊದಲು ಅಕ್ಷವನ್ನು ಓದಿ. ಗ್ರಾಫ್ ಸುಳ್ಳು ಹೇಳದಿರಬಹುದು. ಆದರೆ ನಾವು ಯಾವ ಪ್ರಶ್ನೆ ಕೇಳಿದೆವೋ ಅದಕ್ಕೆ ಮಾತ್ರ ಉತ್ತರ ಕೊಡುತ್ತದೆ.