ದೋಣಿ ಪಯಣ: ಆಪತ್ತು ಎದುರಾದಾಗ ಪ್ರಯಾಣಿಕರು ಏನು ಮಾಡಬೇಕು?

ಕಾರವಾರ ಸಮೀಪದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಗೆ ತೆರಳಿದ್ದ ಭಕ್ತರ ದೋಣಿ 2019ರ ಜನವರಿ 21ರಂದು ಸಮುದ್ರದಲ್ಲಿ ಮಗುಚಿ 16 ಮಂದಿ ಅಸುನೀಗಿದರು. ಕೇರಳದ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು 45 ಮಂದಿ, ತಾನೂರಿನಲ್ಲಿ 2023ರ ಮೇ 7ರಂದು 22 ಮಂದಿ ಇಂತಹುದೇ ದುರಂತಗಳಿಗೆ ಬಲಿಯಾದರು. ಜಾತ್ರೆ ಹಾಗೂ ರಜೆಯ ದಿನಗಳಲ್ಲಿ ದೋಣಿ ಏರುವವರೆಲ್ಲರೂ ಕೆಲವು ಸಂಗತಿಗಳನ್ನು ಅರಿತಿರುವುದು ಅತ್ಯಗತ್ಯ.

ದೋಣಿ ಮಗುಚುವುದೇಕೆ?

ಭಾರ ಕೆಳಗೆ ಮತ್ತು ನಡುವೆ ಇದ್ದಷ್ಟೂ ದೋಣಿ ಸ್ಥಿರವಾಗಿರುತ್ತದೆ. ಮಿತಿ ಮೀರಿ ಜನರನ್ನು ತುಂಬಿದಾಗ ಅದು ನೀರಿನಲ್ಲಿ ಆಳಕ್ಕೆ ಕುಸಿದು, ಸಣ್ಣ ಅಲೆಯ ನೀರೂ ಒಳನುಗ್ಗುತ್ತದೆ. ಎರಡು ಅಂತಸ್ತಿನ ದೋಣಿಯ ಮೇಲಂತಸ್ತಿನಲ್ಲಿ ಜನ ಹೆಚ್ಚಿದರೆ ಅಪಾಯ ಇಮ್ಮಡಿ. ತೇಕ್ಕಡಿಯಲ್ಲಿ ದಡದ ಕಾಡುಪ್ರಾಣಿಗಳನ್ನು ನೋಡಲು ಪ್ರಯಾಣಿಕರು ಒಂದೇ ಬದಿಗೆ ಧಾವಿಸಿದಾಗ ದೋಣಿ ವಾಲಿತೆಂದು ವರದಿಯಾಗಿತ್ತು.

ಏರುವ ಮುನ್ನ

ದೋಣಿಯ ಮೇಲೆ ಬರೆದಿರುವ ಪ್ರಯಾಣಿಕರ ಸಂಖ್ಯೆಯನ್ನು ಗಮನಿಸಬೇಕು. ಜನ ಹೆಚ್ಚಿದ್ದರೆ ಮುಂದಿನ ದೋಣಿಗೆ ಕಾಯುವುದೇ ಲೇಸು. ಲೈಫ್ ಜಾಕೆಟ್ಟನ್ನು ಆಸನದಡಿ ಇರಿಸದೆ ದಡದಲ್ಲಿಯೇ ಧರಿಸಿ, ಎಲ್ಲ ಪಟ್ಟಿಗಳನ್ನೂ ಬಿಗಿಯಬೇಕು. ಸಡಿಲವಾದದ್ದು ನೀರಿನಲ್ಲಿ ತಲೆಯ ಮೇಲಿಂದ ಕಳಚಿಹೋಗುತ್ತದೆ. ಮಕ್ಕಳಿಗೆ ಅವರ ಅಳತೆಯದೇ ಬೇಕು. ಹೊರಬರುವ ದಾರಿಯನ್ನು ಮೊದಲೇ ನೋಡಿಟ್ಟುಕೊಳ್ಳಬೇಕು.

ದೋಣಿ ವಾಲತೊಡಗಿದಾಗ

ಎದ್ದು ಓಡಬಾರದು. ಚಾಲಕರ ಸೂಚನೆಯಂತೆ ನಡೆದುಕೊಳ್ಳಬೇಕು. ಚೀಲಗಳ ಆಸೆ ಬಿಡಬೇಕು. ಸೀರೆಯ ಸೆರಗು, ದುಪಟ್ಟಾ ಕಾಲಿಗೆ ತೊಡರದಂತೆ ಸೊಂಟಕ್ಕೆ ಸಿಕ್ಕಿಸಬೇಕು. ಕೆಳಗಿನ ಮುಚ್ಚಿದ ಕೋಣೆಯಲ್ಲಿರುವವರು ನೀರು ತುಂಬುವ ಮೊದಲೇ ಹೊರಬರಬೇಕು. ತಡವಾದರೆ ಲೈಫ್ ಜಾಕೆಟ್ಟೇ ಅವರನ್ನು ಛಾವಣಿಗೆ ಒತ್ತಿ ಹಿಡಿಯುತ್ತದೆ. ಧುಮುಕುವುದು ಅನಿವಾರ್ಯವಾದರೆ ಕೆಳಗೆ ಯಾರೂ ಇಲ್ಲವೆಂದು ನೋಡಿ, ಜಾಕೆಟ್ಟನ್ನು ಎದೆಗೆ ಅವಚಿಕೊಂಡು, ಕಾಲು ಮೊದಲಾಗಿ ಇಳಿಯಬೇಕು.

ನೀರಿನಲ್ಲಿ

ಮಗುಚಿದ ದೋಣಿ ತೇಲುತ್ತಿದ್ದರೆ ಅದನ್ನೇ ಹಿಡಿದಿರಬೇಕು. ದಡ ಸಮೀಪವೆಂದು ತೋರಿದರೂ ಈಜಲು ಹೊರಟರೆ ದಣಿವು ಆವರಿಸುತ್ತದೆ. ಜಾಕೆಟ್ ಧರಿಸಿದವರು ಮಕ್ಕಳನ್ನು ನಡುವೆ ಇರಿಸಿ ಗುಂಪಾಗಿ ತೇಲಿದರೆ ದೇಹದ ಶಾಖ ಉಳಿಯುತ್ತದೆ, ರಕ್ಷಕರ ಕಣ್ಣಿಗೂ ಬೇಗ ಬೀಳುತ್ತಾರೆ.

ದಡದಲ್ಲಿರುವವರು

ಮುಳುಗುತ್ತಿರುವವರ ಬಳಿಗೆ ಬರಿಗೈಯಲ್ಲಿ ಧುಮುಕಿದವರೂ ಪ್ರಾಣ ಕಳೆದುಕೊಳ್ಳುವುದುಂಟು. ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯುವುದು ಸುರಕ್ಷಿತ. ತುರ್ತು ಸಹಾಯಕ್ಕೆ 112, ಸಮುದ್ರದಲ್ಲಾದರೆ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳಿಗೆ ಕರೆ ಮಾಡಬಹುದು.

ಮೇಲೆತ್ತಿದವರನ್ನು ತಲೆಕೆಳಗಾಗಿಸುವುದು, ಹೊಟ್ಟೆ ಒತ್ತಿ ನೀರು ಹೊರತೆಗೆಯುವುದು ತಪ್ಪು ಕ್ರಮ. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಕೃತಕ ಉಸಿರಾಟ ನೀಡಿ, ಎದೆ ಒತ್ತುವಿಕೆಯನ್ನು ತಕ್ಷಣ ಆರಂಭಿಸಬೇಕು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಒಯ್ಯಲೇಬೇಕು. ಉಸಿರಾಟದ ತೊಂದರೆ ಕೆಲವು ಗಂಟೆಗಳ ಬಳಿಕವೂ ಉಲ್ಬಣಿಸಬಹುದು.