ಚೋಟುದ್ದದ ಟ್ಯಾಂಕು

"ಏನ್ರೀ ಅಕ್ಕಾರ, ನಿಮ್ಮ ಮನ್ಯಾಗ ಹೊಸಾ ಟ್ಯಾಂಕ್ ಬಂದೈತಂತ? ಎಷ್ಟು ಲೀಟರಿಂದ್ರಿ?"

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಹೀಗೆ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಸಿರವಾರದಲ್ಲಿ ಬೇಸಿಗೆ ಬಂತೆಂದರೆ ಟ್ಯಾಂಕು ಎಂಬ ಮಾತಿಗೆ ನೀರಲ್ಲದೆ ಬೇರೆ ಅರ್ಥವೇ ಇಲ್ಲ. "ಲೀಟರ್ ಎಲ್ಲಿಂದ್ರಿ, ಚೋಟುದ್ದ ಐತಿ. ಬಂದು ನೋಡ್ರಿ" ಅಂದೆ. ಬಂದು ನೋಡಿದವರು ಗಲ್ಲಕ್ಕೆ ಕೈ ಹಚ್ಚಿಕೊಂಡು ನಿಂತರು. ಹಳೆಯ ಮಣೆಯ ಮೇಲೆ, ಹಾಸಿದ ಪೇಪರಿನ ನಡುವೆ, ತೋಪು ಮುಂದೆ ಚಾಚಿಕೊಂಡ ಯುದ್ಧದ ಟ್ಯಾಂಕು ಕುಳಿತಿತ್ತು. ಪ್ಲಾಸ್ಟಿಕ್ಕಿನದು. ಅದನ್ನು ಕಟ್ಟಿದವರು ನಾನು ಮತ್ತು ನನ್ನ ಮಗ.

ಆಕೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲಿಷರು ಈ ಕಬ್ಬಿಣದ ಗಾಡಿಯನ್ನು ಗುಟ್ಟಾಗಿ ತಯಾರಿಸುತ್ತಿದ್ದರು. ಶತ್ರುಗಳಿಗೆ ಸುಳಿವು ಸಿಗಬಾರದೆಂದು, ಇದು ನೀರು ತುಂಬುವ ಟ್ಯಾಂಕು ಎಂದು ಹೇಳಿಕೊಂಡರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ರಣರಂಗಕ್ಕೆ ಅದು ಮೊದಲ ಸಲ ಇಳಿದಾಗಲೂ ಆ ಸುಳ್ಳು ಹೆಸರು ಬಿಡಲಿಲ್ಲ. ಇಂದಿಗೂ ಅದೇ ಹೆಸರು!

ಡಬ್ಬಿ ಬಂದ ದಿನ

ಇದು 2019ರ ಬೇಸಿಗೆಯ ಮಾತು. ನಮ್ಮ ಮಗ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲಿ ನಪಾಸಾಗಿದ್ದ. ಆಗ ಪಾಸಾಗಲು ನೂರಕ್ಕೆ 35 ಬೇಕಿತ್ತು. ಮನೆಯಲ್ಲಿ ಯಾರೂ ಹೊಡೆಯಲಿಲ್ಲ, ಬೈದದ್ದೂ ಕಡಿಮೆಯೇ. ಆದರೆ ಹುಡುಗ ಮಾತು ಬಿಟ್ಟುಬಿಟ್ಟ. ಕರೆದರೆ ಉಣ್ಣಲು ಬರುತ್ತಿದ್ದ, ತಟ್ಟೆ ತೊಳೆದಿಟ್ಟು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಮಗ ಎದುರಿಗಿದ್ದೂ ಇಲ್ಲದ ಹಾಗೆ ಇರುವುದು ತಾಯಿಗೆ ಎಂಥ ಸಂಕಟವೆಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ಬಂದವರು ನಮ್ಮ ಅಣ್ಣ. ಸೈನ್ಯದಲ್ಲಿ ಟ್ಯಾಂಕ್ ಓಡಿಸುತ್ತಿದ್ದು ನಿವೃತ್ತರಾದವರು. ಸಿಕಂದರಾಬಾದಿನಿಂದ ಬರುವಾಗ ಅಳಿಯನಿಗೆಂದು ಒಂದು ಡಬ್ಬಿ ತಂದರು. ಒಳಗೆ ನೋಡಿದರೆ ಹಸಿರು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು. ಬಳ್ಳಿಗೆ ಕಾಯಿ ಬಿಟ್ಟಂತೆ ಅವುಗಳ ತುಂಬ ಸಣ್ಣ ಸಣ್ಣ ಬಿಡಿಭಾಗಗಳು, ಒಂದೊಂದಕ್ಕೂ ಒಂದೊಂದು ನಂಬರು. ಜೊತೆಗೆ ಚಿತ್ರಗಳ ಒಂದು ಕಾಗದ. ಅದನ್ನು ನೋಡಿ ನಾವೇ ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಬೇಕು.

ಎರಡು ಸಾವಿರದ ಮೇಲಿನ ಬೆಲೆ ಕೇಳಿ ನಮ್ಮ ಮನೆಯವರ ಮುಖ ಸಣ್ಣದಾಯಿತು. ಅವರದು ರಸಗೊಬ್ಬರದ ಅಂಗಡಿ, ಪೈಸೆ ಪೈಸೆಗೂ ಲೆಕ್ಕ. "ನಪಾಸಾದವಂಗ ಇನಾಮೇನು?" ಅಂದರು. ನಮ್ಮ ಅತ್ತೆಯವರು, "ಮಂದೀನ್ನ ಕೊಲ್ಲೋ ಸಾಮಾನು ಮನ್ಯಾಗ ಯಾಕ ಬೇಕು?" ಅಂದರು. ಅಣ್ಣ ಯಾರಿಗೂ ಉತ್ತರ ಕೊಡಲಿಲ್ಲ. ಅಳಿಯನನ್ನು ಕರೆದು, "ಮುಂಜಾನೆ ಎರಡು ತಾಸು ಲೆಕ್ಕ, ಸಂಜೀಕ ಒಂದು ತಾಸು ಇದು. ಒಪ್ಪಿಗಿ ಐತೇನು?" ಎಂದು ಕೇಳಿದರು. ಹುಡುಗ ತಲೆ ಆಡಿಸಿದ. ಅಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಮೂವತ್ತೈದರ ಲೆಕ್ಕ

ಡಬ್ಬಿಯ ಮೇಲೆ 1:35 ಎಂದು ಬರೆದಿತ್ತು. ನಿಜವಾದ ಟ್ಯಾಂಕಿನ ಮೂವತ್ತೈದನೆಯ ಒಂದು ಪಾಲು ಎಂದರ್ಥ. ಈ ವಿಚಿತ್ರ ಸಂಖ್ಯೆಯ ಹಿಂದೆ ಒಂದು ಕಥೆಯಿದೆ. ಜಪಾನಿನ ಶಿಜುವೊಕಾ ಊರಿನ ತಾಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ತನ್ನ ಮೊದಲ ಮಾದರಿ ಟ್ಯಾಂಕನ್ನು ತಯಾರಿಸಿತು. ಜರ್ಮನರ ಪ್ಯಾಂಥರ್ ಟ್ಯಾಂಕು ಅದು. ಓಡುವ ಆಟಿಕೆಯಾಗಬೇಕಲ್ಲ, ಹೊಟ್ಟೆಯೊಳಗೆ ಮೋಟರು ಮತ್ತು ಬ್ಯಾಟರಿ ಹಿಡಿಸುವಷ್ಟು ದೊಡ್ಡದಾಗಿ ಮಾಡಿದರು. ಆಮೇಲೆ ಅಳೆದು ನೋಡಿದರೆ ನಿಜವಾದುದರ ಮೂವತ್ತೈದನೆಯ ಪಾಲು! ಮುಂದೆ ಬೇರೆ ಕಂಪನಿಗಳೂ ಅದೇ ಅಳತೆ ಹಿಡಿದವು. ಇದಕ್ಕಿಂತ ಚಿಕ್ಕವೂ ಇವೆ. 1:72ರ ಟ್ಯಾಂಕುಗಳು ಅಂಗೈಯಲ್ಲೇ ಕುಳಿತುಬಿಡುತ್ತವೆ.

ನಮ್ಮ ಡಬ್ಬಿಯಲ್ಲಿದ್ದದ್ದು ಅಮೆರಿಕದವರ ಸ್ಟುವರ್ಟ್ ಎಂಬ ಹಗುರ ಟ್ಯಾಂಕು. ನಿಜವಾದದ್ದು ಸುಮಾರು ನಾಲ್ಕೂವರೆ ಮೀಟರ್ ಉದ್ದ. 35ರಿಂದ ಭಾಗಿಸಿದರೆ ಹದಿಮೂರು ಸೆಂಟಿಮೀಟರ್ ಹತ್ತಿರ, ಅಂದರೆ ಚೋಟುದ್ದ. ಐದೂಮುಕ್ಕಾಲು ಅಡಿಯ ಆಳು ಐದು ಸೆಂಟಿಮೀಟರ್ ಆಗುತ್ತಾನೆ. ಇದನ್ನೆಲ್ಲ ಲೆಕ್ಕ ಮಾಡಿ ಹೇಳಿದವನು ನನ್ನ ಮಗನೇ. ಒಂದು ಸಂಜೆ ತಾನಾಗಿಯೇ, "ಅವ್ವಾ, ಉದ್ದ 35ನೇ ಪಾಲು ಆದ್ರ, ಬಣ್ಣ ಹಚ್ಚೋ ಜಾಗ 1225ನೇ ಪಾಲು ಆಗ್ತೈತಿ. ಅದೇ ಕಬ್ಬಿಣದಾಗ ಮಾಡಿದ್ರ ತೂಕ 42,875ನೇ ಪಾಲು" ಅಂದ. ಹನ್ನೆರಡೂವರೆ ಟನ್ನಿನ ಗಾಡಿ ಮುನ್ನೂರು ಗ್ರಾಂ ಹತ್ತಿರಕ್ಕೆ ಇಳಿಯುತ್ತದಂತೆ! ಲೆಕ್ಕ ಸರಿಯೋ ತಪ್ಪೋ ನನಗೆ ಆ ಕ್ಷಣ ಬೇಕಿರಲಿಲ್ಲ. ಮೂರು ವಾರದ ಮೇಲೆ ಮಗ "ಅವ್ವಾ" ಎಂದು ಕರೆದು ಇಷ್ಟು ಉದ್ದದ ಮಾತಾಡಿದ್ದ.

ಅಡಿಗೆಮನೆಯ ಸಾಮಾನೇ ಆಯುಧ

ಮೊದಲಿಗೆ ನಾನು ಸುಮ್ಮನೆ ಪಕ್ಕದಲ್ಲಿ ಕೂತು ಸೊಪ್ಪು ಸೋಸುತ್ತಿದ್ದೆ. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಕೊಕ್ಕೆ ಅವನ ಬೆರಳಿನಿಂದ ಜಾರಿ ಜಾರಿ ಬೀಳತೊಡಗಿದಾಗ, "ಇಲ್ಲಿ ತಾ" ಎಂದು ಹುಬ್ಬು ತೆಗೆಯುವ ಚಿಮುಟ ತಂದು ಹಿಡಿದು ಕೂರಿಸಿದೆ. ಅಲ್ಲಿಗೆ ನಾನೂ ಕೆಲಸಕ್ಕೆ ಸೇರಿದೆ. ಕೌದಿ ಹೊಲಿದ ಕೈಗೆ, ಚುಕ್ಕಿ ಇಟ್ಟು ರಂಗೋಲಿ ಎಳೆದ ಕೈಗೆ ಇದೇನು ಹೊಸದಲ್ಲ ಸೋದರಿಯರೇ! ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಮಣ್ಣಿನ ಎತ್ತು ಮಾಡುತ್ತೇವಲ್ಲ, ಕೊಂಬು ಎಷ್ಟು ಬಾಗಬೇಕು, ಹಿಣಿಲು ಎಷ್ಟು ಏಳಬೇಕು ಎಂದು ನೋಡುತ್ತೇವಲ್ಲ, ಇದೂ ಅದೇ ಕಸುಬು.

ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತಡಿಗೂ ಉದ್ದದ ಒಂದು ಬಂಡೆಯಿದೆ, ನಮ್ಮಲ್ಲಿ ಅನೇಕರು ನೋಡಿರುತ್ತೀರಿ. 1294ರ ಶಾಸನ ಅದರ ಮೇಲಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆತಂದ ಬಗೆಯನ್ನು ಆ ಗೋಡೆಯಲ್ಲೇ ಚಿಕ್ಕದಾಗಿ ಕೊರೆದಿದ್ದಾರೆ. ದೊಡ್ಡದನ್ನು ಚಿಕ್ಕದು ಮಾಡಿ ನೋಡುವ ಆಸೆ ಮನುಷ್ಯನಿಗೆ ಇಂದಿನದಲ್ಲ.

ಕೆಲಸದ ಕ್ರಮ ಹೀಗೆ. ಬಿಡಿಭಾಗಗಳಿಗೆ ಅಚ್ಚಿನ ಎಣ್ಣೆ ಅಂಟಿರುತ್ತದೆ, ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಉಗುರು ಕತ್ತರಿಸುವ ಕಟ್ಟರಿನಿಂದ ಒಂದೊಂದನ್ನೇ ಬಿಡಿಸಿ, ಉಳಿದ ಮೊಳೆಯನ್ನು ಎಮರಿ ಕಾಗದದಿಂದ ಉಜ್ಜಬೇಕು. ಇದರ ಅಂಟು ಫೆವಿಕಾಲಿನಂಥದಲ್ಲ. ಪ್ಲಾಸ್ಟಿಕ್ಕನ್ನೇ ಕೊಂಚ ಕರಗಿಸಿ ಎರಡನ್ನೂ ಒಂದು ಮಾಡುತ್ತದೆ, ಬೆಸುಗೆ ಹಾಕಿದ ಹಾಗೆ. ಒಂದು ಹನಿ ಹೆಚ್ಚಾದರೂ ಮೇಲ್ಮೈ ಕೆಡುತ್ತದೆ. ಚಕ್ರಗಳ ಸುತ್ತ ಚೈನು ಬರುತ್ತದೆ. ನಮ್ಮ ಕಡೆ ಭತ್ತ ಕೊಯ್ಯುವ ಚೈನ್ ಮಿಷನ್ನಿಗೆ ಇರುತ್ತದಲ್ಲ, ಅಂಥದೇ. ಈ ಚೈನಿನ ಗಾಡಿ ಮೊದಲು ಬಂದದ್ದು ಹೊಲಕ್ಕೆ. ಕೆಸರಿನಲ್ಲಿ ಹೂಳದ ಆ ಟ್ರ್ಯಾಕ್ಟರುಗಳನ್ನು ನೋಡಿಯೇ ಯುದ್ಧದವರು ಟ್ಯಾಂಕಿನ ಯೋಚನೆ ಮಾಡಿದ್ದು.

ಕಟ್ಟುವುದು ಅರ್ಧ ಕೆಲಸ. ನಿಜದ ಹಾಗೆ ಕಾಣಿಸುವುದೇ ಇನ್ನರ್ಧ. ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಬಿಸಿಗೆ ಹಿಡಿದು ಮೆತ್ತಗಾದಾಗ ಎಳೆದರೆ ಕೂದಲೆಳೆಯ ತಂತಿ ಬರುತ್ತದೆ. ಅದೇ ರೇಡಿಯೋದ ಏರಿಯಲ್ಲು. ಹಸಿರು ಬಣ್ಣ ಒಣಗಿದ ಮೇಲೆ ಕಂದು ಬಣ್ಣವನ್ನು ತೀರ ನೀರಾಗಿ ಮಾಡಿ ಬಿಟ್ಟರೆ ಸಂದುಗೊಂದಿಗೆ ಇಳಿದು ಹಳೆಯ ಕೊಳೆಯ ಹಾಗೆ ನಿಲ್ಲುತ್ತದೆ. ಬ್ರಷ್ಷಿನ ಬಣ್ಣವೆಲ್ಲ ಬಟ್ಟೆಗೆ ಒರೆಸಿ, ಒಣ ಬ್ರಷ್ಷನ್ನು ಅಂಚುಗಳ ಮೇಲೆ ಮೆಲ್ಲಗೆ ಆಡಿಸಿದರೆ ಮೊಳೆಗಳೆಲ್ಲ ಎದ್ದು ಕಾಣುತ್ತವೆ. ಪೆನ್ಸಿಲಿನ ಸೀಸದ ಪುಡಿ ಉಜ್ಜಿದರೆ ಸವೆದ ಉಕ್ಕಿನ ಹೊಳಪು.

ನನ್ನಿಂದ ಒಂದು ಅನಾಹುತವೂ ಆಯಿತು. ಚೆಲ್ಲಿದ ಬಣ್ಣ ತೆಗೆಯಲು ಉಗುರುಬಣ್ಣ ಅಳಿಸುವ ದ್ರಾವಣ ಹಚ್ಚಿದೆ. ಮಡ್‌ಗಾರ್ಡು ಬೆಣ್ಣೆಯ ಹಾಗೆ ಕರಗಿ ಸೊಟ್ಟಗಾಯಿತು! ನನಗೆ ಅಳುವೇ ಬಂತು. ಹುಡುಗ ಸಿಟ್ಟಾಗಿ ಮತ್ತೆ ಬಾಗಿಲು ಹಾಕಿಕೊಳ್ಳುತ್ತಾನೆಂದು ಹೆದರಿದೆ. ಅವನು ತಿರುಗಿಸಿ ತಿರುಗಿಸಿ ನೋಡಿ, "ಇರ್ಲಿ ಬಿಡವ್ವಾ, ಬಂಡಿಗಿ ಬಡದಂಗ ಕಾಣ್ತೈತಿ. ಯುದ್ಧದಾಗ ಯಾವ ಮಡ್‌ಗಾರ್ಡ್ ನೆಟ್ಟಗ ಇರ್ತೈತಿ?" ಅಂದ. ನಪಾಸಾದ ಮಗನಿಗೆ ಈ ಸಮಾಧಾನದ ಮಾತನ್ನು ನಾನು ಮೊದಲು ಹೇಳಬೇಕಿತ್ತು. ಅವನೇ ನನಗೆ ಹೇಳಿದ.

ಹಿಮದಲ್ಲಿ ಟ್ಯಾಂಕು

ಮಣ್ಣು ಹಚ್ಚುವಾಗ ನಾನು ಹಿತ್ತಲಿನ ಎರೆಮಣ್ಣನ್ನು ಜರಡಿ ಹಿಡಿದು ತಂದೆ. ಅಣ್ಣ ನಕ್ಕು, "ಈ ಟ್ಯಾಂಕು ಎಲ್ಲಿ ಹೋಗಿತ್ತು ಗೊತ್ತೇನು?" ಎಂದು ಕಥೆ ಹೇಳಿದರು.

1948ರಲ್ಲಿ ಲೇಹ್ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಜೋಜಿ ಲಾ ಎಂಬ ಕಣಿವೆಯನ್ನು ಶತ್ರುಗಳು ಹಿಡಿದು ಕೂತಿದ್ದರು. ಹನ್ನೊಂದು ಸಾವಿರದ ಐನೂರು ಅಡಿಗೂ ಎತ್ತರ. ಕಾಲಾಳುಗಳ ದಾಳಿ ಫಲಿಸಲಿಲ್ಲ. ಅಲ್ಲಿಯ ಸೇನೆಯ ಹೊಣೆ ಹೊತ್ತವರು ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ. ಟ್ಯಾಂಕನ್ನೇ ಮೇಲೆ ಹತ್ತಿಸೋಣ ಎಂದು ನಿಶ್ಚಯಿಸಿದರು. 7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ತೋಪಿನ ಗೋಪುರ ಬಿಚ್ಚಿ, ಮುಸುಕು ಹಾಕಿ, ಗುಟ್ಟಾಗಿ ಶ್ರೀನಗರಕ್ಕೆ ತಂದರು. ಬಾಲ್ಟಾಲ್‌ನಿಂದ ಮೇಲಕ್ಕೆ ಟ್ಯಾಂಕು ಹೋಗುವಂಥ ದಾರಿ ಕಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಹಲಸೂರಿನಲ್ಲಿ ನೆಲೆಯಿರುವ ದಳದವರು. ನವೆಂಬರ್ 1ರಂದು, ಆ ಎತ್ತರದಲ್ಲಿ ಟ್ಯಾಂಕು ಬರುವುದೆಂದು ಕನಸಿನಲ್ಲೂ ಎಣಿಸದಿದ್ದ ಶತ್ರುಗಳ ಮುಂದೆ ಅವು ಎದ್ದು ನಿಂತವು. ಅಂದೇ ಕಣಿವೆ ನಮ್ಮ ವಶವಾಯಿತು, ಆ ತಿಂಗಳಲ್ಲೇ ಲೇಹ್‌ನ ದಾರಿ ತೆರೆಯಿತು.

"ಹಂಗಾದ್ರ ಎರೆಮಣ್ಣು ಬ್ಯಾಡವ್ವಾ, ಜೋಜಿಲಾದಾಗ ಸಿರವಾರದ ಮಣ್ಣು ಎಲ್ಲಿಂದ ಬರ್ಬೇಕು?" ಎಂದ ಮಗ. ಅಡಿಗೆ ಸೋಡಾ ಮತ್ತು ಫೆವಿಕಾಲು ಕಲಸಿ ಚೈನಿನ ಸಂದಿಗೆ ಹಿಮ ಮಾಡಿದೆವು. ಗೋಪುರಕ್ಕೆ ಅಂಟು ಹಾಕಲಿಲ್ಲ. ಕಥೆ ಹೇಳುವಾಗ ಎತ್ತಿ ತೆಗೆದು ತೋರಿಸಬೇಕಲ್ಲ!

ಅಷ್ಟು ದಿನ ದೂರ ಕೂತು ನೋಡುತ್ತಿದ್ದ ಅತ್ತೆಯವರು ಅಂದು ಹತ್ತಿರ ಬಂದರು. ಆ ಟ್ಯಾಂಕಿನಲ್ಲಿ ನಾಲ್ಕು ಜನ ಕೂರುತ್ತಿದ್ದರು ಎಂದು ಕೇಳಿ, ಅಣ್ಣನ ಕಡೆ ತಿರುಗಿ, "ಇಷ್ಟು ಇಕ್ಕಟ್ಟಿನಾಗ ಉಸಿರಾಡಾಕ ಬರ್ತೈತೇನಪ್ಪಾ?" ಎಂದರು. ಸೈನ್ಯದ ವಿಷಯ ಎಂದೂ ಬಾಯಿಬಿಡದ ಅಣ್ಣ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳತೊಡಗಿದರು: ರಾಜಸ್ಥಾನದ ಬೇಸಿಗೆಯಲ್ಲಿ ಕಬ್ಬಿಣ ಮುಟ್ಟಿದರೆ ಬೊಬ್ಬೆ ಏಳುವುದು, ಮೊಣಕಾಲು ಚಾಚಲು ಜಾಗವಿಲ್ಲದೆ ಗಂಟೆಗಟ್ಟಲೆ ಕೂರುವುದು, ಊರಿನ ಕಾಗದ ಬಂದರೆ ನಾಲ್ವರೂ ಕೂಡಿ ಓದುವುದು. ಅತ್ತೆಯವರು ಎದ್ದು ಹೋಗಿ ಒಂದು ಚೊಂಬು ಮಜ್ಜಿಗೆ ತಂದು ಅವರ ಮುಂದೆ ಇಟ್ಟರು. ಕೊಲ್ಲುವ ಸಾಮಾನೆಂಬ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳಬೇಕಾಗಿಯೂ ಇರಲಿಲ್ಲ. ಆದರೆ ಒಳಗೆ ಮನುಷ್ಯರಿರುತ್ತಾರೆ ಎಂಬುದನ್ನು ನಾವೆಲ್ಲರೂ ಅಂದು ಕಂಡೆವು.

ಜೂನ್‌ನಲ್ಲಿ ಮರುಪರೀಕ್ಷೆ ಆಯಿತು. ಲೆಕ್ಕದಲ್ಲಿ 41 ಬಂತು. ಟ್ಯಾಂಕು ಕಟ್ಟಿದ್ದಕ್ಕೇ ಪಾಸಾದ ಎಂದು ನಾನು ಹೇಳುವುದಿಲ್ಲ, ಓದಿದ್ದಕ್ಕೆ ಪಾಸಾದ. ಆದರೆ ಮುಚ್ಚಿದ ಬಾಗಿಲು ತೆರೆದದ್ದು ಮಾತ್ರ ಆ ಡಬ್ಬಿಯಿಂದಲೇ. ನಮ್ಮ ಮನೆಯವರೂ ಒಂದು ದಿನ ಅಂಗಡಿಯಿಂದ ಬರುವಾಗ, ಯಾರೂ ಕೇಳದೆಯೇ, ನಾಲ್ಕು ನಮೂನೆಯ ಎಮರಿ ಕಾಗದ ತಂದು ಮಣೆಯ ಮೇಲಿಟ್ಟು ಸುಮ್ಮನೆ ಒಳಗೆ ಹೋದರು.

ಮಗ ಐ.ಟಿ.ಐ.ಯಲ್ಲಿ ಫಿಟ್ಟರ್ ಕಲಿತು ಈಗ ಕೆಲಸಕ್ಕಿದ್ದಾನೆ. ಹವ್ಯಾಸ ನನಗೆ ಉಳಿಯಿತು! ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಒಂದು ತಾಸು ಮಣೆಯ ಮುಂದೆ ಕೂರುತ್ತೇನೆ. ಆ ತಾಸು ನನ್ನದು. ಮಡಿಕೇರಿಯಲ್ಲಿ ತಿಮ್ಮಯ್ಯನವರು ಹುಟ್ಟಿದ 'ಸನ್ನಿ ಸೈಡ್' ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಎಂದಾದರೂ ಅಲ್ಲಿಗೆ ಹೋಗಬೇಕೆಂಬ ಆಸೆಯಿದೆ.

ಶುರು ಮಾಡುವವರಿಗೆ ಕಿವಿಮಾತು

* ಮೊದಲ ಸಲಕ್ಕೆ ಭಾಗಗಳು ಕಡಿಮೆಯಿರುವ, ಅಗ್ಗದ ಡಬ್ಬಿಯನ್ನೇ ಕೊಳ್ಳಿರಿ. ಅಂಟು, ಬಣ್ಣ ಬೇರೆಯಾಗಿ ಕೊಳ್ಳಬೇಕಾಗುವುದು ನೆನಪಿರಲಿ.

* ಅಂಟು ಮತ್ತು ಥಿನ್ನರಿನ ವಾಸನೆ ತಲೆಗೇರುತ್ತದೆ. ಕಿಟಕಿ ತೆರೆದಿರಲಿ, ಒಲೆಯ ಹತ್ತಿರ ಬೇಡವೇ ಬೇಡ. ಇವೂ ಬ್ಲೇಡೂ ಸಣ್ಣ ಮಕ್ಕಳ ಕೈಗೆ ಸಿಗಬಾರದು.

* ನಮ್ಮ ಬಿಸಿಲಿಗೆ ಬಣ್ಣ ಬ್ರಷ್ಷಿನಲ್ಲೇ ಒಣಗುತ್ತದೆ. ಬಣ್ಣದ ಕೆಲಸ ಬೆಳಗಿನ ಜಾವ, ಫ್ಯಾನು ಆರಿಸಿ ಮಾಡಿರಿ. ಮುಗಿದ ಮಾದರಿಯನ್ನು ಬಿಸಿಲು ಬೀಳುವ ಕಡೆ ಇಡಬೇಡಿರಿ, ಸೊಟ್ಟಗಾಗುತ್ತದೆ.

* ಬಿಡಿಸುವ ಕೆಲಸವನ್ನು ಅಗಲವಾದ ತಟ್ಟೆಯೊಳಗೆ ಮಾಡಿರಿ. ನೆಲಕ್ಕೆ ಬಿದ್ದ ಭಾಗ ಮರುದಿನ ಕಸಬರಿಗೆಗೆ ಸಿಕ್ಕರೆ ನಿಮ್ಮ ಪುಣ್ಯ.

* ಅಡಿಗೆ ಸೋಡಾದ ಹಿಮ ವರ್ಷ ಕಳೆದಂತೆ ಹಳದಿಯಾಗುತ್ತದೆ. ನಮ್ಮದೂ ಆಗಿದೆ. ಅದನ್ನು ತೆಗೆದು ಹೊಸದು ಮಾಡೋಣವೆಂದರೆ ಮಗ ಒಪ್ಪುತ್ತಿಲ್ಲ. ಸೊಟ್ಟ ಮಡ್‌ಗಾರ್ಡನ್ನೂ ಹಾಗೆಯೇ ಬಿಟ್ಟಿದ್ದೇವೆ.