ಕಾರ್ಬ್ಯುರೇಟರ್‌ಗೆ ಎಕ್ಸಾಸ್ಟ್‌ನ ಬಿಸಿಗಾಳಿ

ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇದ್ದರೂ ಸೆಸ್ನಾ 150 ಎಂಬ ಪುಟ್ಟ ವಿಮಾನದಲ್ಲಿ, ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುವ ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟಬಹುದು!

ಪೆಟ್ರೋಲ್ ಆವಿಯಾಗುವಾಗ, ಕಾರ್ಬ್ಯುರೇಟರ್‌ನ ಇಕ್ಕಟ್ಟು ದಾರಿಯಲ್ಲಿ ಗಾಳಿಯ ಒತ್ತಡ ಕುಸಿಯುವಾಗ ಉಷ್ಣಾಂಶ ಥಟ್ಟನೆ ಇಳಿಯುತ್ತದೆ. ಗಾಳಿಯ ತೇವ ಹೆಪ್ಪುಗಟ್ಟಿ ಎಂಜಿನ್‌ಗೆ ಉಸಿರುಗಟ್ಟುತ್ತದೆ.

ಮದ್ದು ಎಂಜಿನ್‌ನಲ್ಲೇ ಇದೆ. ಎಕ್ಸಾಸ್ಟ್‌ಗೆ ಲೋಹದ ಕವಚ ತೊಡಿಸಿ, ನಡುವೆ ಕಾದ ಗಾಳಿಯನ್ನು ಹೋಸ್‌ನಲ್ಲಿ ಕಾರ್ಬ್ಯುರೇಟರ್‌ಗೆ ಗಾಳಿ ಒದಗಿಸುವ ಏರ್‌ಬಾಕ್ಸ್‌ಗೆ ತರುತ್ತಾರೆ. ಪೈಲಟ್ ನಾಬ್ ಎಳೆದರೆ ಒಳಗಿನ ಕದ ತಿರುಗಿ ಬಿಸಿಗಾಳಿ ನುಗ್ಗುತ್ತದೆ.

ಅಮೆರಿಕದಲ್ಲಿ ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳು ಈ ಕವಚವನ್ನು ಸ್ಟೇನ್‌ಲೆಸ್ ಸ್ಟೀಲ್ ಹಾಳೆಯಿಂದ ತಾವೇ ಮಾಡಿಕೊಳ್ಳಬಹುದು. ಕಾರ್ಖಾನೆಯ ಸೆಸ್ನಾಗೆ ಮಾತ್ರ ಅನುಮೋದಿತ ಬಿಡಿಭಾಗವೇ ಬೇಕು.

ಹಳೆಯ ಭಾಗ ಕೊಳ್ಳುವಾಗ ಕವಚ ಬಿಚ್ಚಿ ಎಕ್ಸಾಸ್ಟ್‌ನಲ್ಲಿ ಬಿರುಕು ಹುಡುಕುತ್ತಾರೆ. ಸೋರಿದ ಹೊಗೆ ಕಾರ್ಬ್ಯುರೇಟರ್ ಸೇರಿದರೆ ಶಕ್ತಿ ಕುಗ್ಗುತ್ತದೆ. ಎಕ್ಸಾಸ್ಟ್ ಶಾಖವನ್ನೇ ಬಳಸುವ ಹೀಟರ್ ಮೂಲಕ ಕ್ಯಾಬಿನ್ ಸೇರಿದರೆ ಅದರಲ್ಲಿನ ಕಾರ್ಬನ್ ಮೊನಾಕ್ಸೈಡ್ ಜೀವಕ್ಕೇ ಎರವಾಗುತ್ತದೆ.

ಜೋಡಿಸಿದ ಮೇಲೆ ನೆಲದಲ್ಲೇ ಪರೀಕ್ಷೆ: ನಾಬ್ ಎಳೆದಾಗ ಆರ್‌ಪಿಎಂ ತುಸು ಇಳಿಯಬೇಕು. ಇಳಿಯದಿದ್ದರೆ ಕೇಬಲ್, ಕದ, ಹೋಸ್ ಮೂರನ್ನೂ ನೋಡಬೇಕು.